ನಾಲ್ಕು ಕಾಲಿಗೆ ಅನುಮತಿ

ರಾಜ್ಯ ಹೆದ್ದಾರಿಯ ಅಂಚಿನಲ್ಲಿ ಒಂದು ಗುದ್ದಲಿ ಏಟು ಹಾಕಬೇಕಾದರೂ ಅಲ್ಲಿನ ಜೀವಜಂತುಗಳ ಒಪ್ಪಿಗೆ ಬೇಕು ಎಂಬ ಕಾನೂನು ಬಂದಾಗ ಜನ ನಕ್ಕಿದ್ದರು. ಇರುವೆಯ ಸಹಿ ಯಾರು ಹಾಕಿಸುತ್ತಾರೆ, ಓತಿಕ್ಯಾತನ ಹೆಬ್ಬೆಟ್ಟು ಎಲ್ಲಿ ಒತ್ತಿಸುತ್ತಾರೆ ಎಂದು ಚಹಾದಂಗಡಿಗಳಲ್ಲಿ ತಮಾಷೆ ನಡೆದಿತ್ತು. ಆಮೇಲೆ ಜೀವಗಿವಿ ಬಂತು. ನಗು ನಿಂತಿತು.

ಜೀವಗಿವಿ ನೋಡಲು ಏನೂ ಅಲ್ಲ, ಮೊಳ ಉದ್ದದ ಬೂದು ಬಣ್ಣದ ಗೂಟ. ಮಣ್ಣಿನಲ್ಲಿ ಹುಗಿದರೆ ತಲೆ ಮಾತ್ರ ಹೊರಗೆ ಕಾಣುತ್ತದೆ. ಅದು ಎರಡೇ ಕೆಲಸ ಮಾಡುತ್ತದೆ: ನೆಲದ ನಡುಕ ಕೇಳುತ್ತದೆ, ಗಾಳಿಯ ವಾಸನೆ ಮೂಸುತ್ತದೆ. ಎಷ್ಟು ಕಾಲಿನ ಪ್ರಾಣಿ, ಎಷ್ಟು ಭಾರದ್ದು, ಎತ್ತ ಕಡೆಯಿಂದ ಎತ್ತ ಕಡೆಗೆ ಹೋಯಿತು ಎಂಬುದು ನಡುಕದಿಂದ ತಿಳಿಯುತ್ತದೆ. ಯಾವ ಜಾತಿಯದು ಎಂಬುದು ವಾಸನೆಯಿಂದ. ಕ್ಯಾಮೆರಾ ಇಡುವಂತಿಲ್ಲ, ಅದರ ಬೆಳಕಿಗೆ ಪ್ರಾಣಿಗಳು ಬೆದರುತ್ತವೆ ಎಂದು ಹಿಂದಿನ ಯಾವುದೋ ಅಧ್ಯಯನ ತೀರ್ಪು ಕೊಟ್ಟಿದೆ. ಯಾರಿಗಾದರೂ ಹೆದ್ದಾರಿಯಂಚಿನಲ್ಲಿ ಕಂಬ ನೆಡಬೇಕೆ, ಕೊಳವೆ ಹಾಕಬೇಕೆ, ಮೋರಿ ತೆಗೆಯಬೇಕೆ? ಅರ್ಜಿ ಹಾಕಿದ ಕೂಡಲೇ ಅಲ್ಲಿ ಗೂಟ ಹುಗಿಯುತ್ತಾರೆ. ಅದು ಒಂದು ವರ್ಷ ಕೇಳುತ್ತದೆ, ಮೂಸುತ್ತದೆ, ಆಮೇಲೆ ತೀರ್ಪು ಹೇಳುತ್ತದೆ. ಅದರ ಮಾತಿನ ಮೇಲೆ ಮೇಲ್ಮನವಿ ಇಲ್ಲ. ಗೂಟಕ್ಕೆ ಲಂಚ ಕೊಡಲಾಗುವುದಿಲ್ಲವಾದ್ದರಿಂದ ಓದಿದವರೆಲ್ಲ ಇದನ್ನು ಬಹಳ ಮೆಚ್ಚಿಕೊಂಡಿದ್ದರು.

ಯರೆಹೊಸೂರಿನ ಪ್ಲಾಟಿನ ಜನಕ್ಕೆ ಬೇಕಾಗಿದ್ದು ಒಂದು ಸುರಂಗ. ಭಾರಿ ಸುರಂಗವೇನಲ್ಲ, ಹೆದ್ದಾರಿಯ ಕೆಳಗೆ ಒಬ್ಬ ಮನುಷ್ಯ ನೆಟ್ಟಗೆ ನಡೆದುಹೋಗುವಷ್ಟು. ಹೆದ್ದಾರಿ ಅಗಲ ಮಾಡುವಾಗ ಇವರ ಮನೆ, ಹೊಲ ಎರಡೂ ರಸ್ತೆಯ ಅಡಿಗೆ ಹೋಗಿದ್ದವು. ಬದಲಿಗೆ ರಸ್ತೆಯ ಆಚೆ ಬದಿಗೆ ಸಾಲಾಗಿ ತಗಡಿನ ಪತ್ರಾಸು ಹೊದಿಸಿದ ಮನೆ ಕಟ್ಟಿಕೊಟ್ಟು, ಅದಕ್ಕೆ ಪ್ಲಾಟು ಎಂದು ಹೆಸರಿಟ್ಟರು. ಶಾಲೆ, ನೀರಿನ ಟಾಕಿ, ದವಾಖಾನೆ ಎಲ್ಲ ಊರಿನ ಕಡೆಯೇ ಉಳಿದವು. ನಡುವೆ ಸಾಲುಲಾರಿಗಳು. ಚಾಲಕನಿಲ್ಲದೆ, ಸದ್ದಿಲ್ಲದೆ, ಒಂದರ ಹಿಂದೆ ಒಂದು ಅಂಟಿಕೊಂಡಂತೆ ಓಡುವ ಸಿಮೆಂಟಿನ ಲಾರಿಗಳು. ಎದುರಿಗೆ ಮನುಷ್ಯ ಕಂಡರೆ ಅವು ತಪ್ಪದೆ ಹಾರ್ನ್ ಹೊಡೆಯುತ್ತವೆ. ನಿಲ್ಲುವುದು ಮಾತ್ರ ಅವುಗಳಿಂದ ಆಗದ ಮಾತು, ಒಂದು ನಿಂತರೆ ಹಿಂದಿನವು ಮೈಮೇಲೆ ಬರುತ್ತವೆ.

ಪ್ಲಾಟಿನ ಶಾವಂತ್ರೆವ್ವನ ಹಿರಿಯ ಮಗಳು ನೀಲವ್ವ ಶಾಲೆಯಲ್ಲಿ ಒಂಬತ್ತನೆತ್ತೆಯಲ್ಲಿದ್ದಾಗ, ರಸ್ತೆ ದಾಟುತ್ತ ಆ ಹಾರ್ನ್ ಕೇಳಿದಳು. ಕೇಳಿ ಹಿಂದೆ ಸರಿಯಬೇಕಾದವಳು ಮುಂದೆ ಓಡಿದಳು. ಶಾವಂತ್ರೆವ್ವನ ಗಂಡ ಗೋವಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ. ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಕಿರಿಯವಳು ಹೊಳೆವ್ವ ಆಗ ಐದನೆತ್ತೆ. ದೊಡ್ಡವಳು ಹತ್ತನೆತ್ತೆ ಮುಟ್ಟಲಿಲ್ಲ, ಇವಳನ್ನು ಮುಟ್ಟಿಸಿಯೇ ಸೈ ಎಂದು ಶಾವಂತ್ರೆವ್ವ ಅಂದೇ ಹಟ ಹಿಡಿದಳು. ಆ ಹಟ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳಿಗೆ ಇನ್ನೇನು ಉಳಿದಿತ್ತು ಹೇಳಿ.

ಪಂಚಾಯ್ತಿ ಮೆಂಬರು ಗೌಸುಸಾಬ ಅಡ್ಡಾಡಿ ಸುರಂಗಕ್ಕೆ ಅರ್ಜಿ ಹಾಕಿಸಿದ. ಗೂಟ ಬಂತು. ಹುಗಿದು ಹೋದವರು ಪ್ಲಾಟಿನ ಜನರನ್ನು ಕರೆದು, ಇದರ ಹತ್ತಿರ ಗದ್ದಲ ಮಾಡಬೇಡಿ, ಮುಟ್ಟಬೇಡಿ, ವರ್ಷ ತುಂಬುವವರೆಗೆ ಕಾಯಿರಿ ಎಂದರು.

"ಇದು ಏನ್ ನೋಡತೈತ್ರಿ ಸಾಹೇಬರ?" ಎಂದು ಶಾವಂತ್ರೆವ್ವ ಕೇಳಿದಳು.

"ಈ ನೆಲದಾಗ ಜೀವ ಐತೋ ಇಲ್ಲೋ ಅಂತ ನೋಡತೈತಿ," ಎಂದ ಗೂಟ ಹುಗಿಯುವವ. ಅವನು ಸುಳ್ಳು ಹೇಳಲಿಲ್ಲ. ಪೂರ್ತಿ ಹೇಳಲೂ ಇಲ್ಲ.

ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಚುಕ್ಕೆ, ಒಂದೊಂದು ಚುಕ್ಕೆಯೂ ಒಂದೊಂದು ಗೂಟ. ಜೀವ ಇದ್ದಲ್ಲಿ ಹಸಿರು ಮಿನುಗುತ್ತದೆ, ಇಲ್ಲದಲ್ಲಿ ಕಪ್ಪು. ವಸುಮತಿ ಅಲ್ಲಿ ಹೊಸದಾಗಿ ಸೇರಿದ ಜೀವವಿಜ್ಞಾನಿ, ಮಂಡ್ಯದ ಕಡೆಯವಳು. ಯರೆಹೊಸೂರಿನ ಗೂಟವನ್ನು ಅವಳಿಗೆ ವಹಿಸಿದ್ದರು.

"ಏನೂ ಇಲ್ಲ ಸರ್ ಇಲ್ಲಿ. ಇಲಿ, ಎರಡು ಹಾವುರಾಣಿ, ಇರುವೆ. ಮೊದಲ ಆರು ತಿಂಗಳು ಪೂರ್ತಿ ಕಪ್ಪು," ಎಂದು ಅವಳು ಮೇಲಧಿಕಾರಿ ಜಂಬಗಿಯವರಿಗೆ ತೋರಿಸಿದಳು.

"ಛಲೋ ಆತಲ್ಲ. ಹಿಂಗ ಇದ್ರ ವರ್ಷ ತುಂಬಿದ ಮರುದಿನ ಅನುಮತಿ," ಎಂದರು ಜಂಬಗಿ. ಅವರು ಕೆಟ್ಟವರೇನಲ್ಲ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇದ್ದ, ಮಧ್ಯಾಹ್ನ ಮಜ್ಜಿಗೆ ಕುಡಿದು ಸ್ವಲ್ಪ ತೂಕಡಿಸುವ ಮನುಷ್ಯ. ಇಂಥವರೇ ಲೋಕ ನಡೆಸುವುದು.

ಆಮೇಲೆ ಎಳ್ಳಮಾವಾಸ್ಯೆ ಬಂತು.

ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಸಜ್ಜೆಯ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಬಾನ ಎಲ್ಲ ಕಲಸಿ, 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಹೊಲದ ಸುತ್ತ ಎರಚುತ್ತಾರೆ. ಪ್ಲಾಟಿನವರಿಗೆ ಹೊಲವಿರಲಿಲ್ಲ. ಇದ್ದ ಹೊಲದ ಮೇಲೆ ಲಾರಿ ಓಡುತ್ತಿದ್ದವು. ಉಳಿದದ್ದೆಂದರೆ ಡಾಂಬರಿನ ಅಂಚಿಗೆ, ಗೂಟ ಹುಗಿದಿದ್ದ ನಾಲ್ಕು ಮಾರು ಮಣ್ಣು. ಅದೂ ಶಾವಂತ್ರೆವ್ವನ ಮಾವನ ಹೊಲದ ಬದುವೇ ಆಗಿತ್ತು.

"ಈ ವರ್ಷ ಇಲ್ಲೇ ಚೆಲ್ಲೂಣ," ಎಂದಳು ಶಾವಂತ್ರೆವ್ವ. "ನೆಲದಾಗ ಜೀವ ಐತೋ ಇಲ್ಲೋ ಅಂತ ಸರ್ಕಾರ ಕೇಳಾಕತ್ತೈತಿ. ಹಸದ ಕುಂತ ನೆಲಾ ಏನಂತ ಹೇಳೀತು? ಹೊಟ್ಟಿ ತುಂಬಿಸಿದ್ರ ನಮ್ಮ ಪರವಾಗಿ ಹೇಳತೈತಿ."

ಎಲ್ಲರಿಗೂ ಅದು ಸರಿ ಕಂಡಿತು. ಯಾರಿಗೆ ತಪ್ಪು ಕಾಣಬೇಕಿತ್ತು? ಬಡವರು ಸಾಲುಗಟ್ಟಿ ಬುಟ್ಟಿ ಹೊತ್ತು ಬಂದರು. ಗೂಟದ ನೆತ್ತಿಗೆ ಕುಂಕುಮ ಹಚ್ಚಿ, ಸುತ್ತ ಎರಚಿದರು. ಒಂದು ದಿನಕ್ಕೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸುರಂಗದ ಆಸೆ ಒಂದು ದಿನದ್ದಲ್ಲ. ಪ್ರತಿ ಸೋಮವಾರ ಮನೆಗೊಬ್ಬರಂತೆ ಚೆಲ್ಲತೊಡಗಿದರು. ತಾವು ಉಂಡ ಮೇಲೆ ಉಳಿದದ್ದಲ್ಲ, ತಾವು ಉಣ್ಣುವ ಮೊದಲು ತೆಗೆದಿಟ್ಟದ್ದು.

ಮೊದಲು ಇಲಿಗಳು ಹೆಚ್ಚಾದವು. ಇಲಿಯ ಬೆನ್ನಿಗೆ ಹಾವು, ಹಾವಿನ ಬೆನ್ನಿಗೆ ಮುಂಗುಸಿ. ಕಡಬಿನ ವಾಸನೆಗೆ ಗುಡ್ಡದಿಂದ ನರಿ ಇಳಿದವು. ಕಾಡುಬೆಕ್ಕು, ಮೊಲ, ಮುಳ್ಳುಹಂದಿ ಬಂದವು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಯರೆಹೊಸೂರಿನ ಕಪ್ಪು ಚುಕ್ಕೆ ನಸುಹಸಿರಾಯಿತು, ಹಸಿರಾಯಿತು, ಆಮೇಲೆ ಇಡೀ ನಕ್ಷೆಯಲ್ಲೇ ಎದ್ದು ಕಾಣುವ ಹಾಗೆ ಹೊಳೆಯತೊಡಗಿತು.

"ಇಂಥಾದ್ದು ನಾನು ನೋಡಿಲ್ಲ ಸರ್! ಬರಡು ನೆಲ ಆರು ತಿಂಗಳಲ್ಲಿ ಕಾಡಾಗಿದೆ!" ಎಂದು ವಸುಮತಿ ಖುಷಿಯಿಂದ ಕುರ್ಚಿಯಿಂದ ಎದ್ದಳು. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ನರಿಗಳೆಂದರೆ ಅವಳಿಗೆ ಪ್ರಾಣ.

ವರ್ಷ ತುಂಬಿತು. ತೀರ್ಪು ಬಂತು. ಸುರಂಗಕ್ಕೆ ಅನುಮತಿ ಸಿಕ್ಕಿತ್ತು. ಸರ್ಕಾರದ ಖರ್ಚಿನಲ್ಲೇ, ಇವರು ಕೇಳಿದ ಜಾಗದಲ್ಲೇ, ಕೇಳಿದ್ದಕ್ಕಿಂತ ಅಗಲವಾಗಿ. ಪ್ಲಾಟಿನ ಜನ ಪೇಢೆ ಹಂಚಿದರು. ತೋಡುವ ಯಂತ್ರ ಬಂದಾಗ ಶಾವಂತ್ರೆವ್ವ ಅದಕ್ಕೆ ಆರತಿ ಎತ್ತಿದಳು, ಎತ್ತುತ್ತ ನೀಲವ್ವನ ಹೆಸರು ಹಿಡಿದು ಅತ್ತಳು.

ಕೆಲಸ ಮುಗಿದ ದಿನ ಎರಡೂ ಬಾಯಿಗೆ ಉಕ್ಕಿನ ಬಾಗಿಲು ಕೂಡಿಸಿದರು. ವಸುಮತಿಯೇ ಬಂದು, ಗೌಸುಸಾಬನ ಮನೆಯ ಮುಂದೆ ಎಲ್ಲರನ್ನೂ ಕೂರಿಸಿ ತಿಳಿಸಿ ಹೇಳಿದಳು. ಇದು ವನ್ಯಜೀವಿಗಳ ದಾರಿ. ಬಾಗಿಲ ಬಳಿ ಗೂಟ ಇದೆ. ಪ್ರಾಣಿ ಬಂದರೆ ಬಾಗಿಲು ತಾನಾಗಿ ತೆರೆಯುತ್ತದೆ, ಮನುಷ್ಯ ಬಂದರೆ ತೆರೆಯುವುದಿಲ್ಲ. ಮನುಷ್ಯರು ಓಡಾಡಿದರೆ ಪ್ರಾಣಿಗಳು ದಾರಿ ಬಿಡುತ್ತವೆ, ರಸ್ತೆಗೆ ಹತ್ತುತ್ತವೆ, ಸಾಯುತ್ತವೆ.

"ನಾವ್ ಸಾಯಾಕತ್ತೀವಿ ಅಂತ ಕೇಳಿದ್ದಲ್ರಿ ಅಕ್ಕಾರ!" ಎಂದ ಗೌಸುಸಾಬ.

"ನಿಮಗೆ ಬೇರೆ ಸುರಂಗ ಕೇಳಬಹುದು. ಆದರೆ ಇದರ ಆಸುಪಾಸಿನಲ್ಲಿ ಇನ್ನೊಂದು ತೋಡಿದರೆ ಪ್ರಾಣಿಗಳಿಗೆ ಗೊಂದಲ ಆಗುತ್ತೆ ಅಂತ ನಿಯಮ ಇದೆ," ಎಂದಳು ವಸುಮತಿ. ಆಮೇಲೆ ಇನ್ನೊಂದು ಶರತ್ತನ್ನು ಸ್ವಲ್ಪ ಸಂಕೋಚದಿಂದಲೇ ಹೇಳಿದಳು. ಚರಗ ಚೆಲ್ಲುವುದನ್ನು ತೋಡಲು ಬಂದವರು ಕಂಡು ವರದಿ ಮಾಡಿದ್ದಾರೆ; ಆಹಾರ ಹಾಕುವುದನ್ನು ಶುರು ಮಾಡಿದವರು ಅರ್ಜಿದಾರರೇ ಆದ್ದರಿಂದ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಪ್ಲಾಟಿನ ಹಕ್ಕುಪತ್ರ ರದ್ದು.

ಶಾವಂತ್ರೆವ್ವ, "ಅಂದ್ರ ನರಿಗೆ ದಾರಿ, ನನ್ನ ಮಗಳಿಗೆ ಲಾರಿ," ಎಂದಳು. ವಸುಮತಿ ತಲೆ ತಗ್ಗಿಸಿ ಜೀಪು ಹತ್ತಿದಳು. ತಲೆ ತಗ್ಗಿಸುವುದಕ್ಕೆ ಯಾವ ಅನುಮತಿಯೂ ಬೇಕಿರಲಿಲ್ಲ.

ಉಪಾಯ ಕಂಡುಹಿಡಿದವಳು ಹೊಳೆವ್ವ. ಆಡಿನ ಮರಿಯೊಂದು ಬಾಗಿಲು ತೆರೆಸಿಕೊಂಡು ಒಳಗೆ ಹೋದಾಗ, ಅದನ್ನು ಹಿಡಿಯಲು ಅವಳು ಅಂಬೆಗಾಲಿನಲ್ಲಿ ಹಿಂದೆ ನುಗ್ಗಿದಳು. ಹೆಗಲ ಮೇಲೆ ಅಜ್ಜನ ಕಂಬಳಿ ಇತ್ತು, ಕುರಿಯ ವಾಸನೆ ಹೊಡೆಯುವ ಹಳೆಯ ಕರಿಕಂಬಳಿ. ಬಾಗಿಲು ಮುಚ್ಚಲಿಲ್ಲ. ಆಚೆ ಬದಿಯ ಬಾಗಿಲೂ ತೆರೆಯಿತು. ಹುಡುಗಿ ಊರಿನ ಕಡೆಯಿಂದ ಕೈಬೀಸಿ ಕೂಗಿದಾಗ ಶಾವಂತ್ರೆವ್ವ ರಸ್ತೆಯ ಅಂಚಿಗೆ ಓಡಿ ಬಂದಳು.

ಮರುದಿನದಿಂದ ಪ್ಲಾಟಿನ ಮಕ್ಕಳೆಲ್ಲ ನಾಲ್ಕು ಕಾಲಿನಲ್ಲಿ ಶಾಲೆಗೆ ಹೋಗತೊಡಗಿದರು. ತಾಯಂದಿರು ಕಂಬಳಿ ಕತ್ತರಿಸಿ ಅಂಗಿ ಹೊಲಿದರು. ಕುರಿಯ ಗಂಜಲದಲ್ಲಿ ಅದ್ದಿ ಒಣಗಿಸಿದರು. ಮೊಣಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿದರು. ಪುಸ್ತಕದ ಪಾಟೀಚೀಲ ಹೊಟ್ಟೆಯ ಕೆಳಗೆ ಜೋತಾಡುತ್ತಿತ್ತು. ದೊಡ್ಡವರೂ ಪ್ರಯತ್ನಿಸಿದರು, ಆಗಲಿಲ್ಲ, ಏಕೆಂದು ಅವರಿಗೆ ಹೊಳೆಯಲೂ ಇಲ್ಲ. ಅವರ ಮೈಗೆ ಬೀಡಿ, ತಂಬಾಕು, ಸೀಮೆಎಣ್ಣೆ ಎಲ್ಲ ಹತ್ತಿ ಹೋಗಿದ್ದು ಕಂಬಳಿಗೂ ಮುಚ್ಚಲಾಗಲಿಲ್ಲ. ಮಕ್ಕಳು ಹೋದವಲ್ಲ, ಅಷ್ಟು ಸಾಕು ಎಂದುಕೊಂಡರು. ಶಾಲೆಯಲ್ಲಿ ಊರಿನ ಮಕ್ಕಳು ಮೂಗು ಮುಚ್ಚಿಕೊಂಡು ಇವರನ್ನು ನರಿಮರಿಗಳೆಂದು ಕರೆದರು. ಮಾಸ್ತರರು ಬೈಯಲೂ ಇಲ್ಲ, ಬಿಡಿಸಲೂ ಇಲ್ಲ. ಪ್ಲಾಟಿನವರನ್ನು ಕಿಟಕಿಯ ಪಕ್ಕ ಕೂರಿಸಿದರು.

ನಿಯಂತ್ರಣ ಕೊಠಡಿಯಲ್ಲಿ ವಸುಮತಿ ಹಲವು ತಿಂಗಳು ತಲೆ ಕೆಡಿಸಿಕೊಂಡಳು. ಸುರಂಗದಲ್ಲಿ ಹೊಸ ಪ್ರಾಣಿಯೊಂದು ಕಾಣಿಸಿತ್ತು. ನಾಲ್ಕು ಕಾಲು, ಕುರಿಯ ವಾಸನೆ, ಹಿಂಗಾಲು ಎಳೆಯುವ ನಡಿಗೆ. ಮುಂಜಾನೆ ಗುಂಪಾಗಿ ಹೋಗುತ್ತದೆ, ಸಂಜೆ ಗುಂಪಾಗಿ ಮರಳುತ್ತದೆ.

"ಸರ್, ಈ ಪ್ರಾಣಿ ಭಾನುವಾರ ಓಡಾಡೋದಿಲ್ಲ."

"ಹಬ್ಬಕ್ಕ?" ಎಂದರು ಜಂಬಗಿ, ಮಜ್ಜಿಗೆಯ ಲೋಟ ಇಳಿಸುತ್ತ.

"ಹಬ್ಬಕ್ಕೂ ಇಲ್ಲ. ಬೇಸಿಗೆಯಲ್ಲಂತೂ ತಿಂಗಳುಗಟ್ಟಲೆ ಮಾಯ."

"ಋತುಮಾನದ ವಲಸಿ ಅಂತ ಬರೀರಿ."

ವಸುಮತಿ ಅವರ ಮುಖ ನೋಡಿದಳು. ಅವರೂ ನೋಡಿದರು. ಇಬ್ಬರಿಗೂ ಗೊತ್ತಿತ್ತು.

"ನೋಡ್ರಿ ವಸುಮತಿ," ಎಂದರು ಜಂಬಗಿ ದನಿ ತಗ್ಗಿಸಿ. "ಮನುಷ್ಯಾ ಅಂತ ಬರದ್ರ ನಾಳೆ ಬಾಗಿಲಾ ಬಂದ್. ಹುಡುಗ್ರು ಮತ್ತ ರಸ್ತಾಕ್ಕ ಬರ್ತಾವ. ಪ್ರಾಣಿ ಅಂತ ಬರದ್ರ ಎಲ್ಲಾರೂ ಬದುಕ್ತಾರ. ಹೊಸ ಪ್ರಾಣಿ ಅಂದ್ರ ನಮ್ಮ ಆಫೀಸಿಗೂ ನಾಕ್ ಮಂದಿ ಕಣ್ಣಾಗ ಹೆಸರ ಬರ್ತದ. ನಿಮ್ಮ ಪೆನ್ನು, ನಿಮ್ಮ ಮನಸು."

ವಸುಮತಿ 'ಗುರುತಿಸದ ಸಸ್ತನಿ, ಸಂರಕ್ಷಿತ' ಎಂದು ಬರೆದಳು. ಬರೆದ ಮೇಲೆ ಮನಸ್ಸು ಹಗುರಾಯಿತು. ತಾನು ಆ ಮಕ್ಕಳನ್ನು ಉಳಿಸಿದೆ ಎಂದುಕೊಂಡಳು, ಅದು ಸುಳ್ಳೂ ಆಗಿರಲಿಲ್ಲ. ಆ ವರ್ಷ ಜಂಬಗಿಯವರಿಗೆ ಪದಕ ಬಂತು. ಕೊಠಡಿಯಲ್ಲಿ ಎಲ್ಲರಿಗೂ ಕುಂದಾ ಹಂಚಿದರು.

ಹೊಳೆವ್ವ ಏಳನೆತ್ತೆಗೆ ಬಂದಳು. ಪ್ಲಾಟಿನ ಮಕ್ಕಳಲ್ಲಿ ಅವಳೇ ಎತ್ತರ, ಅವಳೇ ಗಟ್ಟಿ, ಓದಿನಲ್ಲೂ ಮುಂದು. ಸ್ವಾತಂತ್ರ್ಯೋತ್ಸವಕ್ಕೆ ಭಾಷಣ ಮಾಡಲು ಮಾಸ್ತರರು ಅವಳನ್ನೇ ಆರಿಸಿದರು. ಅಂದು ಹುಡುಗಿ ತಲೆಗೆ ಘಮಘಮಿಸುವ ಎಣ್ಣೆ ಹಚ್ಚಿದಳು, ಮುಖಕ್ಕೆ ಪೌಡರ್ ಬಡಿದುಕೊಂಡಳು. ಶಾವಂತ್ರೆವ್ವನೇ ಸಂತೆಯಲ್ಲಿ ತಂದುಕೊಟ್ಟಿದ್ದಳು. ಅದರ ಮೇಲೆ ಕಂಬಳಿಯಂಗಿ ಹೊದ್ದು, ಬಗ್ಗಿ, ಬಾಗಿಲ ಮುಂದೆ ಬಂದಳು.

ಸಣ್ಣ ಮಕ್ಕಳೆಲ್ಲ ದಾಟಿದರು. ಹೊಳೆವ್ವನಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಹಿಂದೆ ಬಂದು ಮತ್ತೆ ಹೋದಳು. ಬಾಗಿಲ ಮುಂದೆ ಮೊಣಕಾಲೂರಿ ಕಾದಳು. ರಸ್ತೆಯ ಆಚೆಯಿಂದ ಬಾವುಟದ ಹಾಡು ಕೇಳಿತು, ಮುಗಿಯಿತು.

ಮನೆಗೆ ಬಂದವಳು ಬಾಗಿಲ ಹಿಂದೆ ಕುಳಿತು ಅತ್ತಳು. ಇಡೀ ದಿನ ಒಂದು ತುತ್ತು ಮುಟ್ಟಲಿಲ್ಲ. ಅಳುವಿನ ನಡುವೆ ತಲೆಗೆ ಬಿಸಿನೀರು ಸುರಿದುಕೊಂಡು ಮಲಗಿದಳು. ಮರುದಿನ ಬರಿಹೊಟ್ಟೆಯಲ್ಲಿ ಹೋದಳು. ಬಾಗಿಲು ತೆರೆಯಿತು.

ಶಾವಂತ್ರೆವ್ವನಿಗೆ ಎಲ್ಲ ತಿಳಿಯಾಗಿ ಅರ್ಥವಾಯಿತು, ಹಾಗೆಂದು ಅವಳು ತಿಳಿದಳು. ಸಣ್ಣವರಿಗೆ ತೆರೆಯಿತು, ದೊಡ್ಡವಳಿಗೆ ತೆರೆಯಲಿಲ್ಲ. ಉಪವಾಸ ಬಿದ್ದ ಮೇಲೆ ತೆರೆಯಿತು. ದೊಡ್ಡವರನ್ನಂತೂ ಅದು ಎಂದೂ ಬಿಟ್ಟಿಲ್ಲ. ದೇವರ ಬಾಗಿಲಿಗೇ ಉಪವಾಸವಿದ್ದು ಹೋಗುವ ಹೆಣ್ಣುಮಕ್ಕಳಿಗೆ ಸರ್ಕಾರದ ಬಾಗಿಲೂ ಅದನ್ನೇ ಕೇಳುತ್ತದೆ ಎಂದರೆ ಅಚ್ಚರಿಯಾಗಲಿಲ್ಲ.

"ಭಾರ ಆಗ್ಯಾಳ," ಎಂದು ನೆರೆಯವರಿಗೆ ಹೇಳಿದಳು. "ಮನಶ್ಯಾರ ಭಾರ ಬಂತಂದ್ರ ಅದು ತೆಗಿಯಂಗಿಲ್ಲ."

ಅಂದಿನಿಂದ ಹೊಳೆವ್ವನಿಗೆ ಹೊತ್ತಿಗೆ ಅರ್ಧ ರೊಟ್ಟಿ. ಕಿರಾಣಿ ಅಂಗಡಿಯಲ್ಲಿ ಜೋಳದ ಚೀಲ ತೂಗುವ ಕಾಟಾದ ಮೇಲೆ ವಾರಕ್ಕೊಮ್ಮೆ ಮಗಳನ್ನು ನಿಲ್ಲಿಸುತ್ತಿದ್ದಳು. ಮುಳ್ಳು ಒಂದಿಷ್ಟು ಮುಂದೆ ಸರಿದರೆ ಆ ರಾತ್ರಿ ಅರ್ಧವೂ ಇಲ್ಲ, ಮಜ್ಜಿಗೆಯ ನೀರು. ಹುಡುಗಿ ಮೊದಮೊದಲು ಜಗಳಾಡಿದಳು.

"ಹಸಿವ್ ಆಗೈತಬೇ ಅವ್ವಾ."

"ನೀಲವ್ವಗ ಈಗ ಹಸಿವ ಆಗೂದಿಲ್ಲ. ಆಕಿ ಹಂಗ ಮಲಗಬೇಕಂತಿ ಏನು?"

ಹೊಳೆವ್ವ ಮಜ್ಜಿಗೆಯ ನೀರು ಕುಡಿದು ಮಲಗಿದಳು.

ಅದೇ ಒಲೆಯ ಮೇಲೆ ವಾರವಾರ ಚರಗದ ಅಡುಗೆ ಆಗಲೇಬೇಕಿತ್ತು. ಶರತ್ತು ಶರತ್ತೇ. ಶಾವಂತ್ರೆವ್ವ ಹೋಳಿಗೆ ತಟ್ಟುವಾಗ ಹೊಳೆವ್ವ ಗೋಡೆಗೆ ಮುಖ ಮಾಡಿ ಪಾಠ ಓದುತ್ತಿದ್ದಳು. ಒಮ್ಮೆ ಒಂದು ಹೋಳಿಗೆ ಕದ್ದು ಬಾಯಿಗಿಟ್ಟಳು. ಶಾವಂತ್ರೆವ್ವ ಅವಳ ಗಲ್ಲ ಹಿಸುಕಿ, ಬೆರಳು ಹಾಕಿ ಹೊರಗೆ ತೆಗೆದಳು. ಆಮೇಲೆ ಅದೇ ಕೈಯಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಹೋಳಿಗೆ ಬುಟ್ಟಿಗೆ ಹೋಯಿತು, ಬುಟ್ಟಿ ಸುರಂಗದ ಬಾಯಿಗೆ. ನರಿಗಳು ಮೈ ತುಂಬಿಕೊಂಡು ಚಂದ ಕಾಣುತ್ತಿದ್ದವು.

ಜೊತೆಯ ಹುಡುಗಿಯರು ಮೈನೆರೆದರು, ಹೊಳೆವ್ವ ನೆರೆಯಲಿಲ್ಲ. ಹೆಂಗಸರು ಏನೇನೋ ಆಡಿಕೊಂಡರು. ಶಾವಂತ್ರೆವ್ವ ಒಳಗೊಳಗೇ ನಿಟ್ಟುಸಿರು ಬಿಟ್ಟಳು, ನೆರೆದರೆ ಮೈ ತುಂಬುತ್ತದಲ್ಲ ಎಂದು. ತನ್ನ ಮಗಳು ಬೆಳೆಯದಿರಲಿ ಎಂದು ಬೇಡಿಕೊಳ್ಳುವ ತಾಯಿಯನ್ನು ನಾನು ಬೈಯಬೇಕೆಂದು ಕುಳಿತರೂ ಬೈಗುಳ ಬರುವುದಿಲ್ಲ. ಉಳಿದ ಮನೆಗಳಲ್ಲೂ ದೊಡ್ಡ ಮಕ್ಕಳ ರೊಟ್ಟಿ ಅರ್ಧವಾಯಿತು. ಕೆಲವರು ಬೇಡವೆಂದು ಶಾಲೆಯನ್ನೇ ಬಿಡಿಸಿದರು. ಶಾವಂತ್ರೆವ್ವ ಬಿಡಿಸಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಹೊಳೆವ್ವ ಒಂಬತ್ತನೆತ್ತೆ ಮುಟ್ಟಿದಳು, ಎತ್ತರ ಏಳನೆತ್ತೆಯದೇ, ಮೈ ನೋಡಿದರೆ ನಾಲ್ಕನೆತ್ತೆಯವಳದು. ಓಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಪಾಠ ಮೊದಲಿನಂತೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ನಿಯಂತ್ರಣ ಕೊಠಡಿಯ ಯಂತ್ರ ಇದನ್ನು ಗಮನಿಸಿತು, ಮನುಷ್ಯರಿಗಿಂತ ಮೊದಲು. ಸಂರಕ್ಷಿತ ಸಸ್ತನಿಯ ಗುಂಪಿನಲ್ಲಿ ಹಿರಿಯ ಪ್ರಾಣಿಯ ತೂಕ ಎರಡು ವರ್ಷದಿಂದ ಏರಿಲ್ಲ; ಹೆಜ್ಜೆಯಲ್ಲಿ ನಡುಕ ಇದೆ; ಆಹಾರದ ಕೊರತೆ ಇರಬಹುದು; ಸ್ಥಳಕ್ಕೆ ಭೇಟಿ ಕೊಟ್ಟು ಪೂರಕ ಮೇವು ಒದಗಿಸತಕ್ಕದ್ದು ಎಂದು ಕೆಂಪು ಅಕ್ಷರದಲ್ಲಿ ಹೇಳಿತು. ಮೇವು ಮಂಜೂರಾಗಲು ಒಂದು ವಾರವೂ ಹಿಡಿಯಲಿಲ್ಲ.

"ಹೋಗಿ ಕೊಟ್ಟ ಬರ್ರಿ, ಮಾತ್ ಆಡಾಕ ಹೋಗಬ್ಯಾಡ್ರಿ," ಎಂದರು ಜಂಬಗಿ. ಅವರ ನಿವೃತ್ತಿಗೆ ಕೆಲವೇ ತಿಂಗಳಿತ್ತು.

ವಸುಮತಿ ಜೀಪಿನಲ್ಲಿ ಶೇಂಗಾ ಹಿಂಡಿ, ಬೆಲ್ಲ, ಕಾಳು ಬೆರೆಸಿದ ಚೀಲಗಳನ್ನು ಹೇರಿಕೊಂಡು ಬಂದಳು. ಚರಗದ ಉಸ್ತುವಾರಿ ಶಾವಂತ್ರೆವ್ವನದಿತ್ತು. ಆದ್ದರಿಂದ ಅವಳ ಮನೆಯ ಮುಂದೆಯೇ ಇಳಿಸಿದರು.

"ಇದನ್ನ ದಿನಾ ಸುರಂಗದ ಬಾಯಲ್ಲಿ ಹಾಕಿ. ಅಲ್ಲಿ ಒಂದು ಪ್ರಾಣಿ ಸೊರಗ್ತಾ ಇದೆ," ಎಂದಳು ವಸುಮತಿ, ಅವಳ ಕಣ್ಣು ತಪ್ಪಿಸಿ.

ಅಷ್ಟರಲ್ಲಿ ಶಾಲೆಯಿಂದ ಬಂದ ಹೊಳೆವ್ವ ಬಾಗಿಲಲ್ಲಿ ನಿಂತಳು. ಕಂಬಳಿಯಂಗಿ, ಮೊಣಕಾಲಿಗೆ ಟೈರು, ಕೈಯಲ್ಲಿ ಪಾಟೀಚೀಲ. ಕತ್ತಿನ ಎಲುಬು ಎಣಿಸಬಹುದಿತ್ತು. ವಸುಮತಿ ಅವಳನ್ನು ನೋಡಿದಳು. ಇಷ್ಟು ವರ್ಷ ನಡುಕದ ಗೆರೆಯಾಗಿ ಕಂಡಿದ್ದ ಪ್ರಾಣಿಗೆ ಮುಖವಿತ್ತು.

"ಈ ಮಗುಗೆ ಊಟ ಹಾಕೋದಿಲ್ವಾ ನೀವು?" ಎಂದು ಸಿಟ್ಟಿನಿಂದಲೇ ಕೇಳಿಬಿಟ್ಟಳು.

ಶಾವಂತ್ರೆವ್ವ ಗಾಬರಿಯಾದಳು. ಮುಚ್ಚಿಡಬೇಕಾದ್ದನ್ನು ಮುಚ್ಚಿಡುವ ಕಾಲ ಮುಗಿಯಿತೆಂದು ಅವಳಿಗೆ ಅನ್ನಿಸಿತು. ಕೈಮುಗಿದಳು.

"ಅಕ್ಕಾರ, ನಿಮಗ ಎಲ್ಲಾ ಗೊತ್ತೈತಿ ಅಂತ ನನಗ ಗೊತ್ತೈತಿ. ಬಾಗಲಾ ಬಂದ್ ಮಾಡಬ್ಯಾಡ್ರಿ. ಬಾಳ್ ಏನ್ ಕೇಳೂದಿಲ್ಲ. ಎಷ್ಟ ಭಾರದ ಮಟಾ ಅದು ತೆಗೀತೈತಿ, ಖರೇ ಹೇಳ್ರಿ. ಇನ್ನ ಅರ್ಧಾ ರೊಟ್ಟಿ ಹಾಕಬಹುದೇನು?"

"ಯಾವ ಭಾರ?"

"ಭಾರ ಹೆಚ್ಚಾದ್ರ ತೆಗಿಯಂಗಿಲ್ಲಲ್ರಿ ಅದು. ಈಕಿ ದಪ್ಪ ಇದ್ದಾಗ ಒಂದಿನಾ ತೆಗೀಲಿಲ್ಲ. ಬಾವುಟದ ದಿನಾ. ಉಪಾಸ ಕೆಡವಿದ ಮ್ಯಾಲ ತೆಗೀತು. ಅವತ್ತಿನಿಂದ ಹಿಂಗ ಇಟ್ಟೀನಿ."

ಬಾಗಿಲಿನ ಲೆಕ್ಕಾಚಾರ ಬರೆದವರಲ್ಲಿ ವಸುಮತಿಯೂ ಒಬ್ಬಳು. "ಬಾಗಿಲು ತೂಕ ನೋಡೋದೇ ಇಲ್ಲ," ಎಂದಳು. "ತೂಕ ನಾವು ಆಫೀಸಲ್ಲಿ ನೋಡ್ತೀವಿ, ಅಷ್ಟೆ. ಬಾಗಿಲಿಗೆ ನಾಲ್ಕು ಕಾಲು ಇದ್ರೆ ಆಯ್ತು, ಮತ್ತೆ ಸೋಪು, ಸೆಂಟು, ಬೀಡಿ ಅಂಥ ವಾಸನೆ ಇರಬಾರದು. ಎಮ್ಮೆ ಬಂದ್ರೂ ತೆಗೆಯುತ್ತೆ ಅದು. ಅವತ್ತು ಇವಳು ಏನಾದ್ರೂ ಹಚ್ಕೊಂಡಿದ್ಲಾ?"

ಉತ್ತರ ಕೊಟ್ಟವಳು ಹೊಳೆವ್ವ. "ಎಣ್ಣಿ," ಎಂದಳು. "ಪೌಡರು."

ಶಾವಂತ್ರೆವ್ವ ಮೊದಲು ನಂಬಲಿಲ್ಲ. ಎಮ್ಮೆಯೇ, ಎಮ್ಮೆಗೂ ತೆಗೆಯುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಹೌದು ಎಂದಳು ವಸುಮತಿ. ಆಮೇಲೆ ಶಾವಂತ್ರೆವ್ವ ಚೀಲದ ಪಕ್ಕ ನೆಲಕ್ಕೆ ಕುಸಿದು, "ಹಂಗಾರ ಎರಡ್ ವರ್ಷ ನಾ ಈಕಿಗೆ ಯಾಕ ಉಪಾಸ ಕೆಡವಿದೆ?" ಎಂದು ಕೇಳಿದಳು. ವಸುಮತಿಯನ್ನೋ, ಮಗಳನ್ನೋ, ಯಾರನ್ನು ಕೇಳಿದಳೋ ಗೊತ್ತಿಲ್ಲ. ವಸುಮತಿ ಜೀಪು ಹತ್ತಿ ಹೋದಳು. ವರದಿಯಲ್ಲಿ 'ಮೇವು ಒದಗಿಸಲಾಗಿದೆ' ಎಂದು ಬರೆದಳು. ಇನ್ನೇನಾದರೂ ಬರೆದಿದ್ದರೆ ಬಾಗಿಲು ಮುಚ್ಚುತ್ತಿತ್ತು.

ಶಾವಂತ್ರೆವ್ವ ಎದ್ದಳು. ಇದ್ದ ಹಿಟ್ಟನ್ನೆಲ್ಲ ನಾದಿ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಪಕ್ಕದ ಮನೆಯಿಂದ ಗಟ್ಟಿ ಮೊಸರು ಇಸಿದುಕೊಂಡು ಬಂದಳು. ಮಗಳನ್ನು ಮಣೆಯ ಮೇಲೆ ಕೂರಿಸಿ, ತಾಟಿನ ತುಂಬ ಬಡಿಸಿ, ಎದುರಿಗೆ ಕುಳಿತಳು.

"ಉಣ್ಣು ನನ್ನವ್ವಾ. ಹೊಟ್ಟಿ ತುಂಬಾ ಉಣ್ಣು. ಇನ್ನ ಭಯ ಇಲ್ಲ."

ಹೊಳೆವ್ವ ಒಂದು ರೊಟ್ಟಿ ಎತ್ತಿಕೊಂಡಳು. ನಡುವೆ ಮುರಿದಳು. ಒಂದರ್ಧವನ್ನು ನಿಧಾನವಾಗಿ ತಿಂದಳು. ಇನ್ನೊಂದರ್ಧವನ್ನು ತಾಟಿನಲ್ಲಿ ಇಟ್ಟು ದೂರ ಸರಿಸಿದಳು.

"ಇನ್ನೊಂದ್ ತುತ್ತರ ತಿನ್ನ. ಅಕ್ಕಾರ ಹೇಳಿದ್ದ ಕೇಳಿದಿಲ್ಲ?"

"ಕೇಳಿನಿ."

"ಮತ್ತ?"

"ಅವರು ಸರ್ಕಾರದವರಬೇ ಅವ್ವಾ," ಎಂದಳು ಹೊಳೆವ್ವ. "ನಾಳೆ ಬಾಗಲಾ ತೆಗೀಲಿಲ್ಲಂದ್ರ?"

ಶಾವಂತ್ರೆವ್ವ ರೊಟ್ಟಿ ಚೂರನ್ನು ಅವಳ ತುಟಿಯ ಹತ್ತಿರ ಹಿಡಿದಳು. ಹುಡುಗಿ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು. ತಾಯಿ ಬೇಡಿಕೊಂಡಳು, ಬೈದಳು, ಕೊನೆಗೆ ಅವಳ ಕಾಲು ಹಿಡಿದಳು. ಹೊಳೆವ್ವ ಮೆಲ್ಲಗೆ ಕಾಲು ಬಿಡಿಸಿಕೊಂಡು, ಕೈ ತೊಳೆದು, ನಾಳೆಯ ಕಂಬಳಿಯಂಗಿಯನ್ನು ಗಂಜಲದಲ್ಲಿ ಅದ್ದಲು ಹಿತ್ತಿಲಿಗೆ ಹೋದಳು.